ಏಳನೇ ವಾರ ಕೈಗೆ ಬಂದ ಇಂಪ್ಲಾಂಟ್: ಬೆಟಗೇರಿಯ ಒಂದು ಪ್ರಕರಣ

2023ರ ದೀಪಾವಳಿಗೆ ಇನ್ನೂ ನಾಲ್ಕು ದಿನ ಇತ್ತು. ಏಳು ವಾರದ ಹಿಂದೆ ನಾನೇ ಒಬ್ಬರ ದವಡೆಯ ಎಲುಬಿಗೆ ಕೂರಿಸಿದ್ದ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಬೇರಿನ ಬದಲು ಹಾಕುವ ಟೈಟಾನಿಯಂ ತಿರುಪು, ನನ್ನ ಕೈಗೇ ವಾಪಸ್ ಬಂತು. ಎಳೆಯುವ ಕೆಲಸವೇ ಬೀಳಲಿಲ್ಲ. ಚಿಕ್ಕ ಚಾವಿ ಹಾಕಿ ಹಿಂದಕ್ಕೆ ತಿರುಗಿಸಿದೆ, ತಿರುಗುತ್ತಾ ಹೊರಗೆ ಬಂದುಬಿಟ್ಟಿತು. ಕೀವು ಇರಲಿಲ್ಲ. ಬಾವೂ ಇರಲಿಲ್ಲ. ಟೈಟಾನಿಯಂ ಸುತ್ತ ತೆಳ್ಳಗೆ ಒಂದು ಪದರ ಮೆತ್ತನೆ ಮಾಂಸ ಹತ್ತಿಕೊಂಡಿತ್ತು. ಅಲ್ಲಿ ಇರಬೇಕಾಗಿದ್ದದ್ದು ಎಲುಬು.

ಕುರ್ಚಿಯಲ್ಲಿ ಇದ್ದವರು ಬೆಟಗೇರಿಯ 53 ವರ್ಷದ ಅಮ್ಮ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಗದಗದ ಎರಡು ಖಾನಾವಳಿಗೆ ದಿನಾ ಬಿಸಿ ರೊಟ್ಟಿ ಹೋಗುತ್ತದೆ, ಹುಬ್ಬಳ್ಳಿಗೆ ವಾರಕ್ಕೊಮ್ಮೆ ಕಡಕ್ ರೊಟ್ಟಿ ಕಟ್ಟಿ ಕಳಿಸುತ್ತಾರೆ. ಬಾಯಿಂದ ಹತ್ತಿ ತೆಗೆದ ಕೂಡಲೇ ಅವರು ಕೇಳಿದ್ದು ಒಂದೇ ಮಾತು. "ನಂದ ಏನರ ತಪ್ಪಾತೇನ್ರೀ ಡಾಕ್ಟರ?"

ಆ ಹೊತ್ತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಅವರದಲ್ಲ ಎಂದು ಮಾತ್ರ ಹೇಳಿದೆ. ಮುಂದೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾದ ಸಂಗತಿಗಳನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಇಂಪ್ಲಾಂಟ್ ಹಾಕಿಸಿಕೊಳ್ಳುವ ಯೋಚನೆಯಲ್ಲಿ ಇರುವವರಿಗೂ, ನನ್ನ ಹಾಗೆ ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಇಂಪ್ಲಾಂಟ್ ಹಾಕುವವರಿಗೂ ಉಪಯೋಗ ಆದೀತು.

ಮೊದಲ ಸಲ ಏನಾಯಿತು

ಎಡಗಡೆ ಕೆಳದವಡೆಯ ಮೊದಲ ದೊಡ್ಡ ದವಡೆ ಹಲ್ಲು ಹೋಗಿ ಆರು ವರ್ಷ ಆಗಿತ್ತು. ಹುಳುಕು ಬೇರಿನವರೆಗೂ ಇಳಿದು, ಮುಖ ಬಾತು, ಕೊನೆಗೆ ಕೀಳಿಸಿದ್ದರು. ಅಂದಿನಿಂದ ಊಟ ಪೂರ್ತಿ ಬಲಗಡೆ. ರೊಟ್ಟಿ ಮಾಡುವವರಿಗೆ ರೊಟ್ಟಿ ಕಡಿದು ನೋಡದೆ ನಡೆಯುವುದಿಲ್ಲ. "ಕಟ್ ಅಂತೈತೋ ಇಲ್ಲೋ ಕಡದ ನೋಡಬೇಕಲ್ರೀ" ಅನ್ನುತ್ತಿದ್ದರು. ಈಗ ಬಲಗಡೆಯ ಹಲ್ಲೂ ಸವೆದು ಜುಮ್ ಅನ್ನಲು ಶುರುವಾಗಿತ್ತು. ಅದಕ್ಕೇ ಬಂದಿದ್ದರು.

ಸಕ್ಕರೆ ಕಾಯಿಲೆ ಒಂಬತ್ತು ವರ್ಷದಿಂದ ಇತ್ತು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.4 ಇತ್ತು. ಒಳ್ಳೆಯದೂ ಅಲ್ಲ, ಇಂಪ್ಲಾಂಟ್ ಬೇಡ ಅನ್ನುವಷ್ಟು ಕೆಟ್ಟದ್ದೂ ಅಲ್ಲ. ಬಿಪಿ ಸರಿ ಇತ್ತು. ತಂಬಾಕು, ಗುಟ್ಕಾ ತಿನ್ನುತ್ತೀರಾ ಎಂದು ಕೇಳಿದೆ. "ಛೇ, ಇಲ್ರೀ" ಅಂದರು. ಕಾಗದದಲ್ಲಿ "ತಂಬಾಕು: ಇಲ್ಲ" ಎಂದು ಬರೆದುಕೊಂಡೆ. ಈ ಸಾಲಿಗೆ ಆಮೇಲೆ ಬರುತ್ತೇನೆ.

ಅವರ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ ಇತ್ತು. ತವರುಮನೆ ಮುಂಡರಗಿ ತಾಲ್ಲೂಕಿನ ಹಳ್ಳಿ. ಅಲ್ಲಿಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಲ್ಲು ಹುಟ್ಟುವ ವಯಸ್ಸಿನಲ್ಲಿ ಇಂಥ ನೀರು ಕುಡಿದರೆ ಕಲೆ ಉಳಿದುಬಿಡುತ್ತದೆ. ಬಹಳ ವರ್ಷ ಕುಡಿದರೆ ಎಲುಬೂ ಗಟ್ಟಿಯಾಗುತ್ತದೆ, ಆದರೆ ಅದು ಒಳ್ಳೆಯ ಗಟ್ಟಿತನ ಅಲ್ಲ. ಇವರ ದವಡೆಯ ಸ್ಕ್ಯಾನ್‌ನಲ್ಲಿ ಎಲುಬು ದಟ್ಟವಾಗಿಯೇ ಕಂಡಿತು. ನನಗೆ ಖುಷಿಯಾಯಿತು. ಇಂಪ್ಲಾಂಟ್ ಗಟ್ಟಿಯಾಗಿ ಕೂರುತ್ತದೆ ಅಂದುಕೊಂಡೆ. ದಟ್ಟ ಎಲುಬಿನಲ್ಲಿ ರಕ್ತ ಕಡಿಮೆ, ಕೊರೆಯುವಾಗ ಬಿಸಿ ಜಾಸ್ತಿ. ಅದನ್ನು ಆಗ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಗಣೇಶ ಚೌತಿ ಮುಗಿದ ವಾರದಲ್ಲಿ ಇಂಪ್ಲಾಂಟ್ ಹಾಕಿದೆ. ಮರಳು ಹೊಡೆದು ಆಸಿಡ್‌ನಲ್ಲಿ ತೊಳೆದ, ಒಣಗಿಸಿ ಪ್ಯಾಕ್ ಮಾಡಿದ ಮಾಮೂಲಿ ಇಂಪ್ಲಾಂಟ್. 35 ನ್ಯೂಟನ್ ಸೆಂಟಿಮೀಟರ್ ಬಲಕ್ಕೆ ಗಟ್ಟಿಯಾಗಿ ನಿಂತಿತು. ಅಲುಗಾಟ ಅಳೆಯುವ ಸಾಧನ ಇಟ್ಟು ನೋಡಿದೆ, 68 ತೋರಿಸಿತು. ಈ ಅಳತೆಗೆ ಐಎಸ್‌ಕ್ಯೂ ಅನ್ನುತ್ತಾರೆ. 1ರಿಂದ 100ರ ಪಟ್ಟಿ ಅದು. 70 ದಾಟಿದರೆ ಬಹಳ ಗಟ್ಟಿ, 60ರ ಕೆಳಗೆ ಇಳಿದರೆ ಚಿಂತೆ. ಒಸಡಿನ ಮೇಲೆ ಕಾಣುವ ಹಾಗೆ ಚಿಕ್ಕ ಟೋಪಿ ಕೂರಿಸಿ ಕಳಿಸಿದೆ. ನಾಲ್ಕನೇ ವಾರ ಅಳೆದಾಗ 57. ಈ ಹೊತ್ತಿಗೆ ಸ್ವಲ್ಪ ಇಳಿಯುವುದು ಸಹಜ ಎಂದು ಸಮಾಧಾನ ಹೇಳಿಕೊಂಡೆ. ಏಳನೇ ವಾರಕ್ಕೆ ಏನಾಯಿತು ಎಂದು ಮೊದಲೇ ಹೇಳಿದ್ದೇನೆ.

"ಬೆಳಕಿನ ಟ್ರೀಟ್‌ಮೆಂಟ್" ಕೇಳಿದ ಮಗ

ಇಂಪ್ಲಾಂಟ್ ತೆಗೆದ ಮೂರನೇ ದಿನ ಅವರ ಮಗ ಫೋನ್ ಮಾಡಿದ. ಸಿಟ್ಟು ಇರಲಿಲ್ಲ, ಆತಂಕ ಇತ್ತು. ಯಾವುದೋ ವಿಡಿಯೋ ನೋಡಿದ್ದ. ಇಂಪ್ಲಾಂಟ್ ಹಾಕುವ ಮುಂಚೆ ಅದರ ಮೇಲೆ ನೀಲಿ ಬೆಳಕು ಬಿಡುತ್ತಾರಂತೆ, ಎಲುಬು ಬೇಗ ಹಿಡಿಯುತ್ತದಂತೆ, ರಕ್ತದಿಂದ ಜೆಲ್ ಮಾಡಿ ಹಚ್ಚುತ್ತಾರಂತೆ. "ಅದನ್ನ ಮಾಡಿದ್ರ ನಮ್ಮ ಅವ್ವಂದು ನಿಲ್ಲತಿತ್ತೇನ್ರೀ?"

ಒಳ್ಳೆಯ ಪ್ರಶ್ನೆ. ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು ಒಂದು ಸಂಜೆ ಮಾತಾಡಿದೆ.

ಟೈಟಾನಿಯಂ ಎಲುಬಿಗೆ ಅಂಟಿಕೊಳ್ಳುತ್ತದೆ ಎಂದು ಕಂಡುಕೊಂಡವರು ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್. 1952ರ ಸುಮಾರಿಗೆ ಲುಂಡ್ ಊರಿನಲ್ಲಿ ಮೊಲದ ಕಾಲೆಲುಬಿನ ಒಳಗೆ ರಕ್ತ ಹೇಗೆ ಹರಿಯುತ್ತದೆ ನೋಡಲು ಟೈಟಾನಿಯಂನ ಪುಟ್ಟ ಗೂಡು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. 1965ರಲ್ಲಿ ಮೊದಲ ರೋಗಿಗೆ ಹಲ್ಲಿನ ಇಂಪ್ಲಾಂಟ್ ಹಾಕಿದರು. ಆಗಿನ ಇಂಪ್ಲಾಂಟ್ ಲೇತ್ ಮೇಲೆ ಕಡೆದ ನುಣ್ಣನೆಯ ತಿರುಪು. ಕೆಳದವಡೆಯಲ್ಲಿ ಮೂರು ತಿಂಗಳು, ಮೇಲಿನ ದವಡೆಯಲ್ಲಿ ಆರು ತಿಂಗಳು ಕಾಯಬೇಕಿತ್ತು. ಆಮೇಲೆ ಬಂದ ಮೇಲ್ಮೈ ಚಿಕಿತ್ಸೆಗಳೆಲ್ಲ ಮುಖ್ಯವಾಗಿ ಈ ಕಾಯುವಿಕೆಯನ್ನು ಕಡಿಮೆ ಮಾಡಲು ಹುಟ್ಟಿದವು.

ಆ ಅಮ್ಮನಿಗೆ ನಾನು ಗೋಡೆಯ ಉದಾಹರಣೆ ಕೊಟ್ಟೆ. ಗಿಲಾವು ಮಾಡುವ ಮುಂಚೆ ಗೌಂಡಿ ಏನು ಮಾಡುತ್ತಾನೆ? ನುಣ್ಣನೆ ಗೋಡೆಗೆ ಉಳಿಯಿಂದ ಕಚ್ಚು ಹಾಕುತ್ತಾನೆ. ಆಮೇಲೆ ನೀರು ಹೊಡೆದು ನೆನೆಸುತ್ತಾನೆ. ಕಚ್ಚು ಇಲ್ಲದಿದ್ದರೆ ಗಿಲಾವು ಹಿಡಿಯುವುದಿಲ್ಲ. ಕಚ್ಚು ಇದ್ದು ಗೋಡೆ ಒಣಗಿದ್ದರೂ ಸರಿಯಾಗಿ ಹಿಡಿಯುವುದಿಲ್ಲ. ಇಂಪ್ಲಾಂಟ್ ಮೇಲ್ಮೈಯ ಕಥೆಯೂ ಬಹಳ ಮಟ್ಟಿಗೆ ಇಷ್ಟೇ.

ಕಚ್ಚು ಹಾಕುವ ಕೆಲಸ 1990ರ ದಶಕದ ಹೊತ್ತಿಗೆ ಒಂದು ಹದಕ್ಕೆ ಬಂತು. ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಅಲ್ಯುಮಿನಾ ಹರಳನ್ನು ರಭಸವಾಗಿ ಹೊಡೆದು ದೊಡ್ಡ ಗುಳಿ ಮಾಡುತ್ತಾರೆ. ಆಮೇಲೆ ಬಿಸಿ ಆಸಿಡ್‌ನಲ್ಲಿ ಅದ್ದಿ ಆ ಗುಳಿಯೊಳಗೆ ಸಣ್ಣ ಗುಳಿ ಮಾಡುತ್ತಾರೆ. ಸರಾಸರಿ ಒರಟುತನ 1ರಿಂದ 2 ಮೈಕ್ರಾನ್ ಇದ್ದರೆ ಎಲುಬಿಗೆ ಇಷ್ಟ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಒರಟು ಇನ್ನೂ ಜಾಸ್ತಿ ಆದರೆ ಎಲುಬು ಹಿಡಿಯುತ್ತದೆ ನಿಜ, ಆದರೆ ಮುಂದೆ ಎಂದಾದರೂ ಒಸಡು ಇಳಿದರೆ ಅದೇ ಗುಳಿಗಳಲ್ಲಿ ಪಾಚಿ ಕೂತು ತೆಗೆಯಲು ಬರುವುದಿಲ್ಲ. ಎಲುಬಿನದೇ ಖನಿಜವಾದ ಹೈಡ್ರಾಕ್ಸಿಅಪಟೈಟ್ ಅನ್ನು ದಪ್ಪಗೆ ಬಳಿದು ನೋಡಿದ್ದೂ ಉಂಟು. ಮೊದಲು ಚೆನ್ನಾಗಿ ಹಿಡಿಯುತ್ತಿತ್ತು, ಕೆಲವು ವರ್ಷಕ್ಕೆ ಕೆಲವರಲ್ಲಿ ಆ ಬಳಿದ ಪದರವೇ ಕಳಚಿ ಬರುತ್ತಿತ್ತು.

ನೀರು ಹೊಡೆಯುವ ಕೆಲಸ ಇನ್ನೂ ಸ್ವಾರಸ್ಯದ್ದು. ಟೈಟಾನಿಯಂ ಗಾಳಿಗೆ ತಾಗಿದ ಕೂಡಲೇ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ತೆಳು. ಎಲುಬಿಗೆ ಬೇಕಾದದ್ದು ಈ ಪದರವೇ. ಆದರೆ ಗಾಳಿಯಲ್ಲಿ ಇರುವ ಇಂಗಾಲದ ಜಿಡ್ಡು ದಿನ ಕಳೆದಂತೆ ಅದರ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಣ್ಣೆ ಹತ್ತಿದ ಹಂಚಿನ ಮೇಲೆ ನೀರು ಚಿಮುಕಿಸಿದರೆ ಹನಿಹನಿಯಾಗಿ ಓಡುತ್ತದೆ ಅಲ್ವಾ, ಹಾಗೆಯೇ ಹಳೆಯ ಟೈಟಾನಿಯಂ ಮೇಲೆ ರಕ್ತ ಹರಡಿಕೊಳ್ಳದೆ ನಿಲ್ಲುತ್ತದೆ. ಗುಳಿಯ ತಳದವರೆಗೆ ಇಳಿಯುವುದಿಲ್ಲ. ಹಂಚಿನ ಮಾತು ಕೇಳಿದ್ದೇ ಅವರ ಮುಖ ಅರಳಿತು. "ತೊಳದ ಹಂಚಿನ ಮ್ಯಾಲೆ ನೀರು ಸಪಾಟ ಹರಡತೈತಿ" ಅಂದರು. ಅಷ್ಟೇ ವಿಷಯ.

ಈ ಜಿಡ್ಡನ್ನು ದೂರ ಇಡಲು ಎರಡು ದಾರಿ. ಒಂದು, ಇಂಪ್ಲಾಂಟ್ ತಯಾರಾದ ಕೂಡಲೇ ನೈಟ್ರೋಜನ್ ಗಾಳಿಯಲ್ಲಿ ತೊಳೆದು, ಒಣಗಲು ಬಿಡದೆ ಸಲೈನ್ ತುಂಬಿದ ಕೊಳವೆಯಲ್ಲಿ ಮುಚ್ಚಿಡುವುದು. ಸ್ವಿಟ್ಜರ್ಲೆಂಡಿನ ಸ್ಟ್ರೌಮನ್ ಕಂಪನಿ 2005ರಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ಇನ್ನೊಂದು, ಹಾಕುವ ಸ್ವಲ್ಪ ಮುಂಚೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಜಿಡ್ಡು ಸುಡುವುದು. ವಿಡಿಯೋದಲ್ಲಿ ಇದ್ದದ್ದು ಇದೇ. ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮಾಡುವ ತಕಹಿರೋ ಒಗಾವಾ ಅವರ ತಂಡ 2009ರಲ್ಲಿ ಇಲಿಗಳಲ್ಲಿ ಮಾಡಿದ ಪ್ರಯೋಗ ಬಹಳ ಹೆಸರಾಯಿತು. ನಾಲ್ಕನೇ ವಾರಕ್ಕೆ ಮಾಮೂಲಿ ಟೈಟಾನಿಯಂ ಸುತ್ತ ಎಲುಬು ತಾಗಿದ್ದು ಸುಮಾರು 55 ಶೇಕಡಾ, ಬೆಳಕು ಬಿಟ್ಟದ್ದರ ಸುತ್ತ 98 ಶೇಕಡಾ.

ಅಂಕಿ ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಆದರೆ ಇಲಿಯ ತೊಡೆ ಎಲುಬು ಬೇರೆ, ಸಕ್ಕರೆ ಕಾಯಿಲೆ ಇರುವ ಮನುಷ್ಯರ ದವಡೆ ಬೇರೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ಲಿನಿಕ್‌ಗಳಲ್ಲಿ ಉಪಕರಣ ಇಡುವ ನೀಲಿ ದೀಪದ ಪೆಟ್ಟಿಗೆಗೂ ಈ ಕೆಲಸಕ್ಕೇ ಮಾಡಿದ ಯಂತ್ರಕ್ಕೂ ಬಹಳ ಫರಕು ಇದೆ. ಬೆಳಕಿನ ಅಲೆ, ಬಲ, ಹೊತ್ತು ಮೂರೂ ಲೆಕ್ಕಕ್ಕೆ ಸಿಗಬೇಕು. ನನ್ನ ಹತ್ತಿರ ಆ ಯಂತ್ರ ಇಲ್ಲ. ಸುಮ್ನೆ ಪೆಟ್ಟಿಗೆಯಲ್ಲಿ ಇಟ್ಟು ತೆಗೆದು "ಬೆಳಕಿನ ಟ್ರೀಟ್‌ಮೆಂಟ್ ಆಯಿತು" ಅನ್ನಲು ನಾನು ಸಿದ್ಧ ಇರಲಿಲ್ಲ.

ಮಗನಿಗೆ ನಾನು ಜಾಸ್ತಿ ಹೊತ್ತು ವಿವರಿಸಿದ್ದು ಇನ್ನೊಂದು ಪ್ರಯೋಗವನ್ನು. ಡೇನಿಯಲ್ ಬೂಸರ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ್ದು. ಸಣ್ಣ ತಳಿಯ ಹಂದಿಗಳ ದವಡೆಯಲ್ಲಿ ಒಣ ಇಂಪ್ಲಾಂಟ್ ಮತ್ತು ಸಲೈನ್‌ನಲ್ಲಿಟ್ಟ ಇಂಪ್ಲಾಂಟ್ ಎರಡನ್ನೂ ಹಾಕಿ ನೋಡಿದರು. ಎರಡನೇ ವಾರಕ್ಕೆ ಎಲುಬು ತಾಗಿದ್ದು ಒಣದ್ದಕ್ಕೆ ಸುಮಾರು 29 ಶೇಕಡಾ, ಒದ್ದೆಯದ್ದಕ್ಕೆ 49. ನಾಲ್ಕನೇ ವಾರಕ್ಕೆ 67 ಮತ್ತು 82. ಎಂಟನೇ ವಾರಕ್ಕೆ? ಎರಡೂ ಹೆಚ್ಚುಕಡಿಮೆ ಸಮ.

ಆ ಎಂಟನೇ ವಾರದ ಅಂಕಿಯನ್ನು ಜಾಹೀರಾತಿನಲ್ಲಿ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಒಳ್ಳೆಯ ಮೇಲ್ಮೈ ವಾರಗಳನ್ನು ಉಳಿಸಿಕೊಡುತ್ತದೆ. ಹಾಕಿದಾಗಿನ ಹಿಡಿತ ಕಡಿಮೆಯಾಗುತ್ತಾ, ಹೊಸ ಎಲುಬು ಇನ್ನೂ ಬಲಿಯದೆ ಇರುವ ಮೂರನೇ ನಾಲ್ಕನೇ ವಾರದ ಕಷ್ಟದ ಹೊತ್ತನ್ನು ದಾಟಿಸುತ್ತದೆ. ಎಲುಬು ಬೆಳೆಯಲೇ ಆಗದ ಜಾಗದಲ್ಲಿ ಅದು ಎಲುಬು ಹುಟ್ಟಿಸುವುದಿಲ್ಲ.

ಹಾಗಾದರೆ ಇವರ ಜಾಗದಲ್ಲಿ ಎಲುಬು ಯಾಕೆ ಬೆಳೆಯಲಿಲ್ಲ?

ತಪಕೀರು

ಉತ್ತರ ನನಗೆ ಹೊಳೆದದ್ದಲ್ಲ. ನಮ್ಮ ಕ್ಲಿನಿಕ್‌ನ ಸಿಸ್ಟರ್ ಕಂಡುಹಿಡಿದದ್ದು. ಆ ಸಂಜೆ ಮಾತು ಮುಗಿಸಿ ಅಮ್ಮ ಹೊರಗೆ ಕೂತಿದ್ದರು. ಸಿಸ್ಟರ್ ಒಳಗೆ ಬಂದು ಮೆಲ್ಲಗೆ ಹೇಳಿದರು. "ಸರ್, ಅವರು ತಪಕೀರ ತಿಕ್ಕೋತಾರ. ಈಗ ತಿಕ್ಕಿದ್ರು, ನಾನ ನೋಡಿದೆ."

ನಮ್ಮ ಕಡೆಯವರಿಗೆ ತಪಕೀರು ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಇದು ತಂಬಾಕಿನ ನುಣ್ಣನೆಯ ಪುಡಿ, ನಶ್ಯ. ಕೆಲವರು ಮೂಗಿಗೆ ಏರಿಸುತ್ತಾರೆ. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳು ಬೆರಳಿನಲ್ಲಿ ತೆಗೆದುಕೊಂಡು ಹಲ್ಲಿಗೆ, ಒಸಡಿಗೆ ತಿಕ್ಕುತ್ತಾರೆ. ಸಣ್ಣ ಡಬ್ಬಿ ಸೆರಗಿನ ಗಂಟಿನಲ್ಲಿ ಇರುತ್ತದೆ. ಮನೆಯವರಿಗೆಲ್ಲ ಗೊತ್ತಿರುತ್ತದೆ, ಯಾರೂ ಅದರ ಮಾತು ಎತ್ತುವುದಿಲ್ಲ.

ಒಳಗೆ ಕರೆದು ಕೇಳಿದೆ. ಮುಚ್ಚಿಡಲಿಲ್ಲ. "ಅದು ತಂಬಾಕು ಅಲ್ಲಲ್ರೀ, ಹಲ್ಲಿನ ಔಷಧ" ಅಂದರು. ಹತ್ತು ವರ್ಷದ ಹಿಂದೆ ಎಡಗಡೆ ಹಲ್ಲು ನೋಯುತ್ತಿದ್ದಾಗ ಓಣಿಯ ಹಿರಿಯರೊಬ್ಬರು ತಿಕ್ಕಲು ಹೇಳಿದ್ದರಂತೆ. ತಿಕ್ಕಿದರೆ ನೋವು ಸ್ವಲ್ಪ ಮರೆತುಹೋಗುತ್ತಿತ್ತು. ಆಮೇಲೆ ಆ ಹಲ್ಲು ಕಿತ್ತರು. ತಿಕ್ಕುವುದು ಮಾತ್ರ ಉಳಿಯಿತು. ದಿನಕ್ಕೆ ಆರೇಳು ಸಲ. ಬೆಳಗ್ಗೆ ನಾಲ್ಕೂವರೆಗೆ ಒಲೆ ಹೊತ್ತಿಸುವ ಮುಂಚೆ ಮೊದಲ ಸಲ. ಬೆರಳು ಹೋಗುತ್ತಿದ್ದದ್ದು ಎಡಗಡೆ ಕೆಳದವಡೆಗೆ, ಹಲ್ಲು ಇದ್ದ ಅದೇ ಜಾಗಕ್ಕೆ. ಅಂದರೆ ನಾನು ಇಂಪ್ಲಾಂಟ್ ಹಾಕಿದ ಜಾಗಕ್ಕೇ.

ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದು ತಂಬಾಕು, ಗುಟ್ಕಾ. ಗಂಡಸರಿಗೆ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಿದ್ದೆ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವನು ನಾನು. ನಮ್ಮ ಅಜ್ಜಿಯ ಡಬ್ಬಿ ನನಗೆ ಇವತ್ತಿಗೂ ನೆನಪಿದೆ. ಆದರೂ ಕೇಳಲು ಹೊಳೆಯಲಿಲ್ಲ. ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಇದೇ.

ತಪಕೀರು ಎರಡು ದಾರಿಯಿಂದ ಕೆಡಿಸುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮೊದಲೇ ದಟ್ಟ ಎಲುಬು, ರಕ್ತ ಕಡಿಮೆ. ಸಕ್ಕರೆ ಕಾಯಿಲೆಯಿಂದ ಸಣ್ಣ ನಾಳಗಳು ಇನ್ನಷ್ಟು ಸೊರಗಿದ್ದವು. ಇಂಪ್ಲಾಂಟ್ ಕೂರಿಸಿದ ಕೂಡಲೇ ಮೊದಲು ಬರಬೇಕಾದದ್ದು ರಕ್ತ. ಅದು ಹೆಪ್ಪುಗಟ್ಟಿ ಜಾಲ ಕಟ್ಟುತ್ತದೆ. ಎಲುಬು ಕಟ್ಟುವ ಜೀವಕೋಶಗಳು ಆ ಜಾಲ ಹಿಡಿದುಕೊಂಡೇ ಟೈಟಾನಿಯಂವರೆಗೆ ನಡೆದು ಬರಬೇಕು. ಜಾಲ ಬಡವಾದರೆ ದಾರಿ ಅಲ್ಲೇ ನಿಲ್ಲುತ್ತದೆ.

ಎರಡನೆಯದು ಬೆರಳು. ಒಸಡಿನ ಮೇಲೆ ನಾನು ಟೋಪಿ ಬಿಟ್ಟಿದ್ದೆ. ದಿನಕ್ಕೆ ಆರೇಳು ಸಲ ಬೆರಳು ಅದರ ಮೇಲೆ ಒತ್ತಿ ತಿಕ್ಕುತ್ತಿತ್ತು. ವಾಸಿಯಾಗುವ ಹೊತ್ತಿನಲ್ಲಿ ಇಂಪ್ಲಾಂಟ್ ಸುಮಾರು 150 ಮೈಕ್ರಾನ್‌ಗಿಂತ ಜಾಸ್ತಿ ಅಲುಗಾಡುತ್ತಿದ್ದರೆ ಸುತ್ತ ಎಲುಬಿನ ಬದಲು ಮೆತ್ತನೆ ಮಾಂಸ ಬೆಳೆಯುತ್ತದೆ. ನನ್ನ ಕೈಗೆ ಬಂದ ಇಂಪ್ಲಾಂಟ್ ಮೇಲೆ ಇದ್ದದ್ದು ಅದೇ ಮಾಂಸ. ಕೀವಿಲ್ಲದೆ, ನೋವಿಲ್ಲದೆ ಸಡಿಲಾದದ್ದು ಯಾಕೆ ಎಂಬುದಕ್ಕೆ ಇದಕ್ಕಿಂತ ಹೊಂದುವ ಕಾರಣ ನನಗೆ ಕಾಣಲಿಲ್ಲ.

ನನ್ನ ಕಡೆಯಿಂದಲೂ ಇನ್ನೊಂದು ಸಿಕ್ಕಿತು. ಆ ದಿನ ಬಳಸಿದ ಡ್ರಿಲ್‌ಗಳ ಲೆಕ್ಕ ತೆಗೆದು ನೋಡಿದೆ. ಕೊನೆಯ ಡ್ರಿಲ್ ಬದಲಿಸುವ ಹೊತ್ತು ದಾಟಿತ್ತು. ಎಲುಬು 47 ಡಿಗ್ರಿ ಶಾಖವನ್ನು ಒಂದು ನಿಮಿಷ ತಡೆದರೂ ಆಮೇಲೆ ಸರಿಯಾಗಿ ಬೆಳೆಯುವುದಿಲ್ಲ ಎಂದು 1983ರಲ್ಲೇ ಸ್ವೀಡನ್ನಿನವರು ಮೊಲಗಳಲ್ಲಿ ತೋರಿಸಿದ್ದಾರೆ. ಮೊಂಡು ಡ್ರಿಲ್, ದಟ್ಟ ಎಲುಬು. ಸಲೈನ್ ಹರಿಯುತ್ತಿತ್ತು, ಆದರೆ ಕೋಣೆಯ ಶಾಖದ್ದು. ತಪಕೀರಿನ ಮೇಲೆ ಎಲ್ಲ ಹೊರೆ ಹಾಕಿ ಇದನ್ನು ಬಿಟ್ಟರೆ ಅನ್ಯಾಯ ಆಗುತ್ತದೆ.

ಎರಡನೇ ಸಲಕ್ಕೆ ಮುಂಚೆ

ಐದು ತಿಂಗಳು ಕಾಯೋಣ ಎಂದೆವು. ಎಲುಬಿನ ಕುಳಿ ತುಂಬಲು ಅಷ್ಟು ಬೇಕಿತ್ತು. ತಪಕೀರು ಬಿಡಲೂ ಬೇಕಿತ್ತು.

ಬಿಡಿಸುವುದು ಸುಲಭ ಆಗಲಿಲ್ಲ. ಮೊದಲ ಹದಿನೈದು ದಿನ ತಲೆನೋವು, ಸಿಡಿಮಿಡಿ. ಬೆಳಗಿನ ಮೊದಲ ಸಲವೇ ಕಷ್ಟ ಅನ್ನುತ್ತಿದ್ದರು, ಒಲೆ ಮುಂದೆ ಕೂತರೆ ಕೈ ತಾನೇ ಸೆರಗಿಗೆ ಹೋಗುತ್ತದಂತೆ. ಸೊಸೆ ಡಬ್ಬಿಯಲ್ಲಿ ಬಡೇಸೋಪು ತುಂಬಿ ಅದೇ ಗಂಟಿಗೆ ಕಟ್ಟಿಕೊಟ್ಟಳು. ನಾನು ಹೇಳಿದ ಯಾವ ಉಪದೇಶಕ್ಕಿಂತ ಇದು ಜಾಸ್ತಿ ಕೆಲಸ ಮಾಡಿತು. ಜನವರಿ ಕೊನೆಗೆ ಪೂರ್ತಿ ನಿಂತಿತ್ತು. ಏಪ್ರಿಲ್ ಹೊತ್ತಿಗೆ ಎಚ್‌ಬಿಎ1ಸಿ 6.8ಕ್ಕೆ ಬಂತು. ಅದಕ್ಕೆ ಕಾರಣ ಅವರ ಸಕ್ಕರೆ ಡಾಕ್ಟರು ಮಾತ್ರೆ ಬದಲಿಸಿದ್ದು.

ಈ ಮಧ್ಯೆ ಯಾವ ಇಂಪ್ಲಾಂಟ್, ಅದರ ಮೇಲೆ ಏನು ಹಚ್ಚುವುದು ಎಂದು ನಾನು ಬಹಳ ಓದಿದೆ. ಔಷಧ ಸವರುವ ದಾರಿಯೂ ಇದೆ. ಎಲುಬು ಕರಗುವುದನ್ನು ತಡೆಯುವ ಬಿಸ್‌ಫಾಸ್ಫೊನೇಟ್ ಔಷಧವನ್ನು ತೆಳ್ಳಗೆ ಸವರಿದ ಇಂಪ್ಲಾಂಟನ್ನು ಸ್ವೀಡನ್ನಿನಲ್ಲಿ 16 ಜನರಿಗೆ ಹಾಕಿ ನೋಡಿದ್ದಾರೆ. ಒಬ್ಬೊಬ್ಬರಿಗೂ ಸವರಿದ್ದು ಒಂದು, ಸವರದ್ದು ಒಂದು. ಸವರಿದ್ದು ಜಾಸ್ತಿ ಗಟ್ಟಿಯಾಗಿ ನಿಂತಿತು. ಒಳ್ಳೆಯ ಕೆಲಸ, ಆದರೆ 16 ಜನರ ಮೇಲೆ ನಿಂತು ನಾನೇ ಕ್ಲಿನಿಕ್‌ನಲ್ಲಿ ಔಷಧ ಸವರಲು ಹೋಗುವುದು ಸರಿಯಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ನಿದ್ದೆಯ ಹಾರ್ಮೋನ್ ಆದ ಮೆಲಟೋನಿನ್ ಸವರಿ ನೋಡಿದವರೂ ಇದ್ದಾರೆ. ಅವೂ ನನ್ನ ಕುರ್ಚಿಯವರೆಗೆ ಬರುವ ಹಂತದಲ್ಲಿ ಇಲ್ಲ. ತೆಳು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಅದ್ದಿ ಮೇಲ್ಮೈಗೆ ಅತಿ ಸ್ವಲ್ಪ ಫ್ಲೋರೈಡ್ ಸೇರಿಸಿದ ಇಂಪ್ಲಾಂಟ್‌ಗಳು 2004ರಿಂದ ಇವೆ. ಮುಂಡರಗಿಯ ನೀರಿನ ಫ್ಲೋರೈಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದು ಮೇಲ್ಮೈಯಲ್ಲಿ ಮಾತ್ರ ಇರುವ ಎಳೆಯಷ್ಟು ಪದರ, ಮೈಗೆ ಸೇರುವುದಲ್ಲ.

ಮಗ ಕೇಳಿದ್ದ ರಕ್ತದ ಜೆಲ್ ಎಂದರೆ ಪಿಆರ್‌ಎಫ್. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ತೋರಿಸಿಕೊಟ್ಟ ದಾರಿ. ರೋಗಿಯದೇ 10 ಮಿಲಿಲೀಟರ್ ರಕ್ತ ತೆಗೆದು, ಏನೂ ಬೆರೆಸದೆ, ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ ತಿರುಗಿಸಿದರೆ ಮಧ್ಯದಲ್ಲಿ ಹಳದಿ ಬಣ್ಣದ ಹೆಪ್ಪು ನಿಲ್ಲುತ್ತದೆ. ಅದರಲ್ಲಿ ಗಾಯ ಮಾಗಿಸುವ ಅಂಶಗಳು ತುಂಬಿರುತ್ತವೆ. ಖರ್ಚು ಕಡಿಮೆ, ಬೇರೆಯವರದ್ದು ಏನೂ ಇಲ್ಲ. ಇಂಪ್ಲಾಂಟ್ ಸುತ್ತ ಇಟ್ಟರೆ ಮೊದಲ ವಾರಗಳಲ್ಲಿ ಹಿಡಿತ ಸ್ವಲ್ಪ ಜಾಸ್ತಿ ಇರುತ್ತದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ನನಗೆ ಅದು ಜಾಸ್ತಿ ಇಷ್ಟವಾದದ್ದು ಒಸಡಿಗೆ. ಸಕ್ಕರೆ ಇರುವವರ ಒಸಡು ಅದರಿಂದ ಬೇಗ ಮುಚ್ಚಿಕೊಳ್ಳುತ್ತದೆ.

ಕೊನೆಗೆ ನಾನು ಆರಿಸಿದ್ದು ಸಲೈನ್‌ನಲ್ಲಿಟ್ಟ ಇಂಪ್ಲಾಂಟ್. ಮಾಮೂಲಿಗಿಂತ ದುಬಾರಿ. ಆ ಹೆಚ್ಚಿನ ದುಡ್ಡನ್ನು ಅವರಿಂದ ತೆಗೆದುಕೊಳ್ಳಲಿಲ್ಲ. ಮೊದಲನೆಯದು ಹೋದದ್ದರಲ್ಲಿ ನನ್ನ ಪಾಲು ಇತ್ತು.

ಎರಡನೇ ಸಲ

2024ರ ಯುಗಾದಿ ಮುಗಿದ ಮರುವಾರ. ಹೊಸ ಡ್ರಿಲ್. ಸಲೈನ್ ಬಾಟಲಿ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ. ಕೊರೆಯುವುದು ನಿಧಾನ, ಮಧ್ಯೆ ಮಧ್ಯೆ ಬಿಟ್ಟು, ಪುಡಿ ತೊಳೆದು ಮತ್ತೆ ಸ್ವಲ್ಪ. ಕುಳಿಯ ತಳದಲ್ಲಿ ರಕ್ತ ಕಾಣಿಸುವವರೆಗೆ ಇಂಪ್ಲಾಂಟ್ ಕೊಳವೆ ತೆರೆಯಲಿಲ್ಲ. ಎಲುಬು ಬಹಳ ದಟ್ಟ ಇದ್ದ ಒಂದು ಬದಿಗೆ ಅತಿ ಸಣ್ಣ ಡ್ರಿಲ್‌ನಿಂದ ಎರಡು ಚುಚ್ಚು ಹಾಕಿದ ಮೇಲೆ ಅಲ್ಲೂ ರಕ್ತ ಒಸರಿತು.

ಮೇಲ್ಮೈ ಚಿಕಿತ್ಸೆಯ ಬಗ್ಗೆ ಒಂದು ಮಾತು ಹೇಳಬೇಕೆಂದರೆ ಈ ಗಳಿಗೆಯ ಬಗ್ಗೆಯೇ ಹೇಳುತ್ತೇನೆ. ಕಾರ್ಖಾನೆಯಲ್ಲಿ ಅಷ್ಟು ಶ್ರಮಪಟ್ಟು ಜಿಡ್ಡಿಲ್ಲದೆ ಇಟ್ಟ ಇಂಪ್ಲಾಂಟನ್ನು ನಾವು ಕೊಳವೆಯಿಂದ ತೆಗೆದು ಬಾಯಿಗೆ ಒಯ್ಯುತ್ತೇವೆ. ದಾರಿಯಲ್ಲಿ ಗ್ಲೌಸ್ ತಾಗಿದರೆ, ನಾಲಿಗೆ ತಾಗಿದರೆ, ಎಂಜಲು ಹತ್ತಿದರೆ ಅಷ್ಟೂ ಶ್ರಮ ಹೋಯಿತು. ಎಂಜಲಿನ ಪ್ರೊಟೀನ್ ಆ ಮೇಲ್ಮೈಯನ್ನು ಕ್ಷಣದಲ್ಲಿ ಮುಚ್ಚಿಬಿಡುತ್ತದೆ. ಟೈಟಾನಿಯಂಗೆ ಮೊದಲು ತಾಗಬೇಕಾದದ್ದು ಆ ಮನುಷ್ಯರ ರಕ್ತ. ಮೊದಲ ಸಲ ನಾನು ಇದನ್ನು ಎಷ್ಟು ಕಾಪಾಡಿದ್ದೆ ಎಂದು ಈಗ ಎದೆ ಮುಟ್ಟಿ ಹೇಳಲಾರೆ. ಎರಡನೇ ಸಲ ಸಿಸ್ಟರ್ ಎರಡು ಕಡೆಯಿಂದ ಎಂಜಲು ಹೀರಿದರು, ನಾಲಿಗೆಯನ್ನು ಪೂರ್ತಿ ಬದಿಗೆ ಹಿಡಿದರು. ಇಂಪ್ಲಾಂಟ್ ಕುಳಿಗೆ ತಾಗುತ್ತಿದ್ದಂತೆ ರಕ್ತ ತಾನೇ ಅದರ ಮೈಮೇಲೆ ಏರಿತು. ಹೀರಿಕೊಂಡ ಹಾಗೆ. ತೊಳೆದ ಹಂಚು ಎಂದು ಅವರು ಹೇಳಿದ್ದು ಆ ಹೊತ್ತಿನಲ್ಲಿ ನೆನಪಾಯಿತು.

ಐಎಸ್‌ಕ್ಯೂ 69. ಈ ಸಲ ಟೋಪಿ ಹೊರಗೆ ಬಿಡಲಿಲ್ಲ. ಚಪ್ಪಟೆ ಮುಚ್ಚಳ ಹಾಕಿ, ಮೇಲೆ ಪಿಆರ್‌ಎಫ್ ಪೊರೆ ಹರಡಿ, ಒಸಡು ಹೊಲಿದು ಪೂರ್ತಿ ಮುಚ್ಚಿದೆ. ಬೆರಳು ಹೋದರೂ ಇಂಪ್ಲಾಂಟ್‌ಗೆ ತಾಗಬಾರದು. ಹೊಲಿಗೆ ತೆಗೆಯುವ ದಿನ ಒಸಡು ಗುಲಾಬಿ ಬಣ್ಣಕ್ಕೆ ಬಂದಿತ್ತು.

ಈ ಮೇಲ್ಮೈಯ ಇಂಪ್ಲಾಂಟ್‌ಗೆ ಮೂರು ನಾಲ್ಕು ವಾರಕ್ಕೇ ಹಲ್ಲು ಕೂರಿಸಬಹುದು ಎಂದು ಕಂಪನಿಯ ಪುಸ್ತಕದಲ್ಲಿ ಇದೆ. ಮಗನೂ ಅದನ್ನು ಓದಿಕೊಂಡು ಬಂದಿದ್ದ. ನಾನು ಹತ್ತು ವಾರ ಬೇಕು ಅಂದೆ. ಆ ಅಂಕಿ ಆರೋಗ್ಯವಂತರದ್ದು, ಇವರಿಗೆ ಸಕ್ಕರೆ ಇದೆ, ಒಂದು ಸಲ ಹೋಗಿದೆ, ಮೇಲಾಗಿ ಕಡಿಯುವುದು ಕಡಕ್ ರೊಟ್ಟಿ. ಮೇಲ್ಮೈ ಉಳಿಸಿಕೊಟ್ಟ ವಾರಗಳನ್ನು ಆತುರಕ್ಕೆ ಖರ್ಚು ಮಾಡದೆ ಸುರಕ್ಷತೆಗೆ ಇಟ್ಟುಕೊಳ್ಳೋಣ ಎಂದೆ. ಅಮ್ಮ ತಕ್ಷಣ ಒಪ್ಪಿದರು.

ಜೂನ್ ಕೊನೆಯಲ್ಲಿ ಒಸಡು ತೆರೆದು ಅಳೆದೆ. 76. ತಟ್ಟಿದರೆ ಖಣಖಣ ಸದ್ದು. ತಿರುಗಿಸಿ ನೋಡಿದರೆ ನೋವಿಲ್ಲ, ಅಲುಗಾಟವಿಲ್ಲ. ಜುಲೈನಲ್ಲಿ ಹಲ್ಲು ಕೂರಿಸಿದೆ.

ನಾನು ಏನು ಹೇಳಬಲ್ಲೆ

ಈ ಪ್ರಕರಣ ಕೇಳಿದ ಗೆಳೆಯರೊಬ್ಬರು "ಹಾಗಾದರೆ ಸಲೈನ್ ಇಂಪ್ಲಾಂಟೇ ಗೆದ್ದಿತು ಅನ್ನು" ಅಂದರು. ಹಾಗೆ ಅನ್ನಲು ಬರುವುದಿಲ್ಲ. ಎರಡು ಸಲದ ನಡುವೆ ನಾನು ಬದಲಿಸಿದ್ದು ಮೇಲ್ಮೈ ಒಂದನ್ನೇ ಅಲ್ಲ. ತಪಕೀರು ನಿಂತಿತು, ಸಕ್ಕರೆ ಇಳಿಯಿತು, ಡ್ರಿಲ್ ಹೊಸದಾಯಿತು, ನೀರು ತಂಪಾಯಿತು, ಒಸಡು ಮುಚ್ಚಿತು. ಮೇಲಾಗಿ ಒಸಡು ಮುಚ್ಚಿದ್ದರಿಂದ ಮೂರನೇ ನಾಲ್ಕನೇ ವಾರದಲ್ಲಿ ಅಳೆಯಲು ಆಗಲಿಲ್ಲ. ಮೇಲ್ಮೈ ತನ್ನ ಕೆಲಸ ಮಾಡುವ ಹೊತ್ತೇ ಅದು. ಮಾಮೂಲಿ ಒಣ ಇಂಪ್ಲಾಂಟ್ ಹಾಕಿದ್ದರೂ ಈ ಸಲ ನಿಲ್ಲುತ್ತಿತ್ತೇನೋ. ಬಹುಶಃ ನಿಲ್ಲುತ್ತಿತ್ತು.

ಆದರೂ ಸಕ್ಕರೆ ಕಾಯಿಲೆ ಇರುವವರಿಗೆ, ಒಮ್ಮೆ ಹೋದ ಜಾಗಕ್ಕೆ ನಾನು ಇವತ್ತು ಒದ್ದೆ ಮೇಲ್ಮೈಯನ್ನೇ ಆರಿಸುತ್ತೇನೆ. ಕಷ್ಟದ ವಾರಗಳು ಅವರಿಗೆ ಬೇರೆಯವರಿಗಿಂತ ಉದ್ದ. ಅಲ್ಲಿ ಸಿಗುವ ಸ್ವಲ್ಪ ಸಹಾಯಕ್ಕೂ ಬೆಲೆ ಇದೆ. ಆರೋಗ್ಯ ಸರಿ ಇದ್ದು, ಎಲುಬು ಒಳ್ಳೆಯದಿದ್ದು, ಮೂರು ತಿಂಗಳು ಕಾಯಲು ತಯಾರಿರುವವರಿಗೆ ಅಷ್ಟು ದುಡ್ಡು ಹಾಕಿ ಎಂದು ಹೇಳುವುದಿಲ್ಲ.

ನಮ್ಮ ಕ್ಲಿನಿಕ್‌ನ ಕಾಗದದಲ್ಲಿ ಈಗ "ತಂಬಾಕು" ಎಂಬ ಸಾಲು ಇಲ್ಲ. ಅದರ ಬದಲು "ಹಲ್ಲಿಗೆ, ಒಸಡಿಗೆ ಏನೇನು ತಿಕ್ಕುತ್ತೀರಿ? ಯಾವ ಕಡೆ?" ಎಂದಿದೆ. ಹೆಣ್ಣುಮಕ್ಕಳನ್ನು ಕೇಳುವುದು ಸಿಸ್ಟರ್. ಗಂಡ, ಮಗ ಹೊರಗೆ ಇದ್ದಾಗ ಕೇಳುತ್ತಾರೆ. ಬರುವ ಉತ್ತರಗಳು ನಾನು ಅಂದುಕೊಂಡಿದ್ದಕ್ಕಿಂತ ಬೇರೆಯೇ ಇವೆ.

ಒಂದು ವರ್ಷದ ತಪಾಸಣೆಗೆ ಅವರನ್ನು 2025ರ ಜುಲೈಗೆ ಕರೆದಿದ್ದೆ. ಬರಲಿಲ್ಲ. ಫೋನ್ ಮಾಡಿದರೆ "ಪಂಚಮಿ ಮುಗೀಲ್ರೀ" ಅಂದರು. ನಮ್ಮ ಕಡೆ ನಾಗರಪಂಚಮಿಗೆ ಮುಂಚೆ ರೊಟ್ಟಿ ಹಬ್ಬ. ಮನೆ ಮನೆಗೆ ರೊಟ್ಟಿ ಹಂಚುತ್ತಾರೆ. ಅವರಿಗೆ ವರ್ಷದಲ್ಲಿ ಇದಕ್ಕಿಂತ ದೊಡ್ಡ ಕೆಲಸದ ವಾರ ಇಲ್ಲ. ಆಗಸ್ಟ್ ಮೊದಲ ವಾರ ಬಂದರು. ಎಕ್ಸ್‌ರೇನಲ್ಲಿ ಎಲುಬು ಇಂಪ್ಲಾಂಟಿನ ಕುತ್ತಿಗೆಯವರೆಗೂ ಇತ್ತು, ಇಳಿದದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಮುಂದಿನ ವರ್ಷದಿಂದ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆ ಇಳಿಯಬೇಕು ಎನ್ನುವುದು ಅಳತೆಗೋಲು. ಎಚ್‌ಬಿಎ1ಸಿ 7.0. ತಪಕೀರು ಇಲ್ಲ, ಬಡೇಸೋಪು ಇದೆ.

ಜೊತೆಗೆ ಇನ್ನೊಬ್ಬರು ಬಂದಿದ್ದರು. ಅವರ ನಾದಿನಿ. ಬಲಗಡೆ ಎರಡು ಹಲ್ಲು ಇಲ್ಲ. ಸಿಸ್ಟರ್ ಕಾಗದ ತೆಗೆದುಕೊಂಡು ಕೇಳಲು ಬಾಯಿ ತೆರೆಯುವ ಮುಂಚೆಯೇ ಅಮ್ಮ ನಾದಿನಿಯ ಕಡೆ ತಿರುಗಿ ಹೇಳಿದರು. "ಮೊದಲ ಡಬ್ಬಿ ತಗದ ಇಲ್ಲಿ ಇಡು."